"ಕುಳಿತುಕೋ" ಎಂದ ಆ ದಿನ



ಅಧ್ಯಾಪಕನಾದವನು ನಿಮ್ಮ ತಪ್ಪುಗಳನ್ನು ದಿನವೂ ಕೆಂಪು ಶಾಯಿಯಿಂದ ತಿದ್ದುತ್ತಾನೆ. ತನ್ನ ತಪ್ಪನ್ನು ಬರೆದು ತೋರಿಸುವ ಸಂದರ್ಭ ಅವನಿಗೆ ಒದಗುವುದು ಅಪರೂಪ. ಈ ವಾರ್ಷಿಕ ಸಂಚಿಕೆಯು ನನಗೆ ಅದನ್ನು ಒದಗಿಸಿದೆ.

ಎರಡು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಪಾಠ ನಡೆದಿತ್ತು. ಹುಡುಗನೊಬ್ಬನು ಎದ್ದು ನಿಂತು, "ಸರ್, ಅವರ ಅಂಗಡಿಗಳಲ್ಲಿ ನಾವು ಏನನ್ನೂ ಕೊಳ್ಳಬಾರದಂತೆ. ಅವರೆಲ್ಲ ದೇಶದ್ರೋಹಿಗಳಂತೆ. ನಿಜವೇ?" ಎಂದು ಕೇಳಿದನು. ಮೊಬೈಲಿಗೆ ಬಂದ ಸಂದೇಶವೊಂದನ್ನು ಅವನು ಓದಿದ್ದನು. ಆ 'ಅವರು' ಯಾರೆಂಬುದನ್ನು ಇಲ್ಲಿ ಬರೆಯಲಾರೆ. ಅವರ ಪೈಕಿ ಒಬ್ಬ ಹುಡುಗನು ಅದೇ ತರಗತಿಯಲ್ಲಿ, ಎರಡು ಬೆಂಚುಗಳ ಹಿಂದೆ ಕುಳಿತಿದ್ದನೆಂದರೆ ಸಾಕು. ನನಗೆ ಸಿಟ್ಟು ಬಂದಿತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. "ಇಂಥ ಮಾತು ಇಲ್ಲಿ ಕೂಡದು. ಕುಳಿತುಕೋ!" ಎಂದು ಗದರಿಸಿ ಪಾಠವನ್ನು ಮುಂದುವರಿಸಿದೆನು.

ತರಗತಿ ಶಾಂತವಾಯಿತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಮುಂಬಯಿಗೆ ಬಂದ ನಾನು ಅದನ್ನು ಶಿಸ್ತೆಂದೇ ತಿಳಿದೆನು. ಆದರೆ ಆ ದಿನದಿಂದ, ಕೇಳಿದವನು ಪ್ರಶ್ನೆ ಕೇಳುವುದನ್ನೇ ಬಿಟ್ಟನು. ಹಿಂದಿನ ಬೆಂಚಿನವನು ಮಧ್ಯಾಹ್ನದ ಡಬ್ಬಿಯನ್ನು ಒಬ್ಬನೇ ಕುಳಿತು ಉಣ್ಣತೊಡಗಿದನು. "ಅದು ಸುಳ್ಳು" ಎಂಬ ಒಂದು ಮಾತು ನನ್ನ ಬಾಯಿಂದ ಬರಲೆಂದು ಅವನು ಕಾದಿದ್ದನು. ನಾನು ಅದನ್ನು ಹೇಳಿರಲಿಲ್ಲ.

ಮಕ್ಕಳನ್ನು ಉಗ್ರವಾದದಿಂದ ಕಾಪಾಡಲು ಶಾಲೆಯು ಏನು ಮಾಡಬೇಕು? ಅನ್ಯ ದೇಶದವರ ಅನುಭವವನ್ನು ಓದಿ ನೋಡಿದೆನು. 2015ರ ಫೆಬ್ರವರಿಯಲ್ಲಿ ಪೂರ್ವ ಲಂಡನ್ನಿನ ಒಂದೇ ಶಾಲೆಯ ಮೂವರು ಬಾಲಿಕೆಯರು, 15–16 ವಯಸ್ಸಿನವರು, ಮನೆಯವರಿಗೆ ತಿಳಿಸದೆ ಸಿರಿಯಾಕ್ಕೆ ಹೋಗಿ ಭಯೋತ್ಪಾದಕರನ್ನು ಸೇರಿದರು. ಮಕ್ಕಳು ಅಂತಹ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ಇಂಗ್ಲೆಂಡಿನ ಶಾಲೆಗಳಿಗೆ ಅದೇ ವರ್ಷದ ಜುಲೈ 1ರಿಂದ ಕಾನೂನಿನ ಹೊಣೆಯಾಯಿತು. ಆದರೆ 2016ರಲ್ಲಿ ಅಲ್ಲಿಯ ದೊಡ್ಡ ಅಧ್ಯಾಪಕ ಸಂಘವೊಂದು ಈ ಕ್ರಮವನ್ನು ಹಿಂತೆಗೆಯಬೇಕೆಂದು ಕೇಳಿತು. ಗುರುವು ಸಂಶಯದ ಕಣ್ಣಿನಿಂದ ನೋಡತೊಡಗಿದರೆ ಮಗು ಬಾಯಿ ತೆರೆಯದೆಂಬುದು ಅನೇಕರ ಆತಂಕವಾಗಿತ್ತು.

ಜರ್ಮನಿಯ ಪಾಠ ಇನ್ನೂ ಹಳೆಯದು. ಹಿಟ್ಲರನ ಕಾಲದಲ್ಲಿ ಅಲ್ಲಿ ಶಾಲೆಗಳೇ ದ್ವೇಷವನ್ನು ಕಲಿಸಿದ್ದುವು. ಮುಂದೆ 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಶಿಕ್ಷಣತಜ್ಞರು ಕೂಡಿ ಚರ್ಚಿಸಿದರು. ಅಲ್ಲಿಂದ ಮೂರು ಸೂತ್ರಗಳು ಹೊರಟುವು: ಗುರುವು ತನ್ನ ಅಭಿಪ್ರಾಯವನ್ನು ಶಿಷ್ಯನ ಮೇಲೆ ಹೇರಬಾರದು, ಲೋಕದಲ್ಲಿ ವಿವಾದವಿರುವ ವಿಷಯವು ತರಗತಿಗೂ ವಿವಾದವಾಗಿಯೇ ಬರಬೇಕು, ತನ್ನ ಹಿತವನ್ನೂ ಸ್ಥಿತಿಯನ್ನೂ ತಾನೇ ತೂಗಿ ನೋಡುವ ಶಕ್ತಿ ಶಿಷ್ಯನಿಗೆ ಬರಬೇಕು. ನಾನು ಹೇರಿದ್ದು ಅಭಿಪ್ರಾಯವನ್ನೂ ಅಲ್ಲ, ಬರಿಯ ಮೌನವನ್ನು ಎಂದು ನನಗೆ ನಾಚಿಕೆಯಾಯಿತು.

ಒಂದು ತಿಂಗಳ ಮೇಲೆ ಅದೇ ತರಗತಿಗೆ ಹೋಗಿ, "ಅಂದು ನಾನು ತಪ್ಪಿದೆನು. ನೀನು ಕೇಳಿದ ಮಾತು ಸುಳ್ಳು. ಏಕೆ ಸುಳ್ಳೆಂಬುದನ್ನು ಈ ದಿನ ಎಲ್ಲರೂ ಕೂಡಿ ನೋಡೋಣ" ಎಂದೆನು. ಹಲಗೆಯ ಮೇಲೆ ಬರೆದೆನು: ಇದನ್ನು ಹೇಳಿದವರು ಯಾರು? ಅವರು ಕಣ್ಣಾರೆ ಕಂಡರೇ? ಒಬ್ಬನ ತಪ್ಪಿಗೆ ಎಲ್ಲರೂ ಹೊಣೆಯೇ? ಅನಂತರ, 1960ರ ದಶಕದ ಕೊನೆಯಲ್ಲಿ ಇದೇ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗು ಎದ್ದುದನ್ನೂ ಉಡುಪಿ ಹೋಟೆಲುಗಳ ಮೇಲೆ ದಾಳಿಗಳು ನಡೆದುದನ್ನೂ ತಿಳಿಸಿದೆನು. ಬಾಲಿಕೆಯೊಬ್ಬಳು ಎದ್ದು, "ನಮ್ಮ ಅಜ್ಜ ಆಗ ಹೋಟೆಲಿನಲ್ಲಿ ಮಾಣಿಯಾಗಿದ್ದರು. ಬಾಗಿಲು ಹಾಕಿಕೊಂಡು ಒಳಗೇ ಇದ್ದರಂತೆ" ಎಂದಳು.

ಮೊದಲು ಕೇಳಿದ ಹುಡುಗನು ಬಹಳ ಹೊತ್ತಿನ ಮೇಲೆ ಬಾಯಿ ತೆರೆದನು. "ಹಾಗಾದರೆ ಸರ್, ಆಗ 'ಅವರು' ಎಂದರೆ ನಾವೇ?"

ಹಿಂದಿನ ಬೆಂಚಿನಿಂದ ಮೆಲ್ಲನೆ ಒಂದು ದನಿ ಬಂದಿತು: "ನಮ್ಮ ಅಪ್ಪ ಚಾಳಿನ ಅರ್ಧ ಮನೆಗಳಿಗೆ ಉದ್ರಿ ಕೊಡುತ್ತಾರೆ, ಸರ್. ಇವರ ಮನೆಗೂ."

ಅವರಿಬ್ಬರೂ ಆ ದಿನವೇ ಗೆಳೆಯರಾದರೆಂದು ಬರೆದರೆ ಸುಳ್ಳಾದೀತು. ಅಂತಹ ಸಂದೇಶಗಳು ಇಂದಿಗೂ ಬರುತ್ತಲೇ ಇವೆ. ಆದರೆ ಅವನು ಮತ್ತೆ ಪ್ರಶ್ನೆ ಕೇಳತೊಡಗಿದನು. ಇವನು ಮತ್ತೆ ಎಲ್ಲರ ಜೊತೆ ಉಣ್ಣತೊಡಗಿದನು. ಶಾಲೆಯಿಂದ ಆಗಬಹುದಾದ ಕಾವಲು ಇಷ್ಟೆಂದು ನಾನು ನಂಬಿದ್ದೇನೆ.

ದ್ವೇಷವನ್ನು ಬಿತ್ತುವವರು ಮೊದಲು ಹುಡುಕುವುದು, ಉತ್ತರ ಸಿಗದೆ ಒಂಟಿಯಾದ ಮಗುವನ್ನು. ಆದುದರಿಂದ ನಿಮ್ಮ ಪ್ರಶ್ನೆ ಎಷ್ಟೇ ಕಹಿಯಾಗಿರಲಿ, ಅದನ್ನು ತರಗತಿಗೆ ತನ್ನಿರಿ. ಎಂದಾದರೂ ನಾನು ಮರೆತು ಮತ್ತೆ "ಕುಳಿತುಕೋ" ಎಂದರೆ, ವಿನಯದಿಂದ ನಿಂತೇ ಇರಿ.