ಅಜ್ಜನ ಬೆರಳು ಹಿಡಿದು

ಬೆಂಗಳೂರಿನ ನಮ್ಮ ಮನೆಗೆ ಯಾರಾದರೂ ಬಂದರೆ ನನ್ನ ಐದು ವರ್ಷದ ಮಗ ಕೋಣೆಯೊಳಗೆ ಅಡಗಿಕೊಳ್ಳುತ್ತಿದ್ದ. ಸಲಾಮ್ ಹೇಳೆಂದು ಗದರಿದಷ್ಟೂ ಅವನ ಮೌನ ಗಟ್ಟಿಯಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅವನನ್ನು ಮದ್ದೂರು ತಾಲೂಕಿನ ಚಿಕ್ಕರಸಿನಕೆರೆಯಲ್ಲಿರುವ ನನ್ನ ಅಬ್ಬಾರ ಬಳಿ ಒಂದು ತಿಂಗಳು ಬಿಟ್ಟೆ. ಅಬ್ಬಾ ಇದನ್ನು ಎರಡು ವರ್ಷಗಳಿಂದ ಕೇಳುತ್ತಲೇ ಇದ್ದರು. ಮುದ್ದು ಮಾಡಿ ಮಗುವನ್ನು ಕೆಡಿಸಿಬಿಡುತ್ತಾರೆಂಬ ಅಳುಕಿನಿಂದ ಮುಂದೂಡುತ್ತಾ ಬಂದವನು ನಾನೇ.

ಕರೆತರಲು ಹೋದಾಗ ಅಜ್ಜ, ಮೊಮ್ಮಗ ಇಬ್ಬರೂ ಆಲೆಮನೆಯಲ್ಲಿದ್ದರು. ಆಲೆಮನೆಯ ಗೌಡರು ಮಗನ ಕೈಗೆ ಬೆಲ್ಲದ ತುಂಡೊಂದನ್ನಿತ್ತರು. ಅವನು ಅದನ್ನು ಮುರಿದು, ಪಕ್ಕದಲ್ಲಿ ನಿಂತಿದ್ದ ಕೂಲಿಯಾಳಿನ ಮಗಳಿಗೆ ಅರ್ಧ ಕೊಟ್ಟ ಬಳಿಕವೇ ಬಾಯಿಗಿಟ್ಟುಕೊಂಡ. ಗೌಡರಿಗೆ ತಾನಾಗಿಯೇ ನಮಸ್ಕಾರ ಹೇಳಿದ. ದಾರಿಯಲ್ಲಿ ಎದುರಾದ ಹಿರಿಯರಿಗೆ ಸಲಾಮ್ ಹೇಳಿದ. ಕಾಯಿಲೆಯಿಂದ ಮಲಗಿದ್ದ ನೆರೆಮನೆಯ ಅಜ್ಜಿಯ ಬಾಗಿಲಲ್ಲಿ ನಿಂತು, "ಊಟ ಆಯಿತೇ ಅಜ್ಜಿ?" ಎಂದು ವಿಚಾರಿಸಿದ.

"ಇದನ್ನೆಲ್ಲ ಹೇಗೆ ಕಲಿಸಿದಿರಿ ಅಬ್ಬಾ?" ಎಂದೆ.

"ನಾನೇನೂ ಕಲಿಸಲಿಲ್ಲ ಮಗಾ. ಹೋದಲ್ಲೆಲ್ಲ ಜೊತೆಗೆ ಕರೆದೊಯ್ದೆ, ಅಷ್ಟೆ."

ಅಂದು ಸಂಜೆ ಮಗ್ರಿಬ್ ನಮಾಝಿನಲ್ಲಿ ಅಬ್ಬಾ ಸುಜೂದ್‌ಗೆ ಹೋದೊಡನೆ ಮಗ ಅವರ ಬೆನ್ನೇರಿದ. ನಮಾಝ್ ಮುಗಿದ ಮೇಲೆ ನಾನು ಅವನನ್ನು ಗದರಲು ಹೊರಟಾಗ ಅಬ್ಬಾ ತಡೆದರು. ಪ್ರವಾದಿ(ಸ)ರು ತಮ್ಮ ಮಗಳು ಝೈನಬ್‌ರ ಪುಟ್ಟ ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದನ್ನು ನೆನಪಿಸಿದರು. ಸುಜೂದ್‌ಗೆ ಹೋಗುವಾಗ ಅವರು ಮಗುವನ್ನು ಕೆಳಗಿಳಿಸುತ್ತಿದ್ದರು, ಎದ್ದು ನಿಲ್ಲುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸನ್ನು ನಾನು ಹಲವು ಸಲ ಓದಿದ್ದೆ. ಅದರ ಅರ್ಥ ಅಂದು ಮನಸ್ಸಿಗೆ ಇಳಿಯಿತು.

ಪ್ರೀತಿಯ ಭರವಸೆ ಸಿಕ್ಕ ಮಗುವಿಗೆ ಜನರ ಭಯವಿರುವುದಿಲ್ಲ. ನಾವು ತಂದೆತಾಯಿಯರು ಅವಸರದಲ್ಲಿ ಆದೇಶ ಕೊಡುತ್ತೇವೆ. ಅಜ್ಜ-ಅಜ್ಜಿಯರು ಬೆರಳು ಕೊಟ್ಟು ಮಗುವಿನ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಳ್ಳುತ್ತಾರೆ. ಕಾಯುವುದು, ಹಂಚಿಕೊಳ್ಳುವುದು, ಅನ್ಯಧರ್ಮದ ನೆರೆಯವರನ್ನೂ ಗೌರವಿಸುವುದು ಆ ನಿಧಾನದ ನಡಿಗೆಯಲ್ಲೇ ಮಗುವಿಗೆ ಬರುತ್ತದೆ.

ಹೊರಡುವಾಗ ಅಬ್ಬಾ ಮೊಮ್ಮಗನ ಹಣೆಗೆ ಮುತ್ತಿಟ್ಟು ಮುಖ ತಿರುಗಿಸಿಕೊಂಡರು. ಅವರಿಗೀಗ ಎಪ್ಪತ್ತನಾಲ್ಕು ವರ್ಷ. ಕೈಯಾರೆ ಕಳೆದುಕೊಂಡ ಆ ಎರಡು ವರ್ಷಗಳನ್ನು ನಾನು ಅವರಿಗೆ ಮರಳಿಸಲಾರೆ. ಈಗ ಪ್ರತಿ ತಿಂಗಳೂ ನಾವು ಊರಿಗೆ ಹೋಗುತ್ತೇವೆ.

ನಿಮ್ಮ ಮಕ್ಕಳ ಅಜ್ಜ-ಅಜ್ಜಿಯರು ಬದುಕಿದ್ದರೆ ಮುಂದಿನ ರಜೆಯವರೆಗೆ ಕಾಯಬೇಡಿ. ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ ನಮಗೆ ಅವರ ಬೆಲೆ ಅರಿಯುವ ಹೃದಯವನ್ನೂ ಕರುಣಿಸಲಿ. ಆಮೀನ್.