ಇಲಿಯ ಪಾದದ ಋಣ

ಮೊನ್ನೆ ಹಿರೇವಡ್ಡಟ್ಟಿಯಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ ನಡುವಯಸ್ಸಿನವನೊಬ್ಬ ನನ್ನ ಮುಂದೆ ನಿಂತು, "ಗುರುತು ಸಿಕ್ತೇನ್ರಿ ಸರ್?" ಎಂದ. ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವನ ಬೆರಳುಗಳನ್ನು. ಹತ್ತೂ ನೆಟ್ಟಗಿದ್ದವು.

1995ರ ಮಾತು. ಮುಂಡರಗಿ ತಾಲ್ಲೂಕು ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಏಳನೆಯ ತರಗತಿಯ ಈ ಹುಡುಗನ ಮೊಣಕೈ ಬಳಿ ಒಂದು ಮಾಸಲು ಮಚ್ಚೆಯಿತ್ತು. ಚಿಬ್ಬೆಂದು ನಾನು ಗಮನಿಸಿರಲಿಲ್ಲ. ತಪಾಸಣೆಗೆ ಬಂದ ಆರೋಗ್ಯ ಕಾರ್ಯಕರ್ತರು ಅವನ ಕಣ್ಣು ಮುಚ್ಚಿಸಿ ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದರು. ಅವನಿಗೆ ತಿಳಿಯಲೇ ಇಲ್ಲ. ಕುಷ್ಠರೋಗವೆಂದರು. ಮರುದಿನ ನಾನು ಅವನನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸಿದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ವಿಜ್ಞಾನ ಕಲಿಸುವ ಮೇಷ್ಟ್ರು ನಾನೇ!

ನಾಚಿಕೆಯಿಂದ ಅನಂತರ ಓದತೊಡಗಿದೆ. ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಈ ರೋಗಾಣುವನ್ನು ಕಂಡಿದ್ದರು. ಆದರೆ ಅದು ಇಂದಿಗೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಯದು. ಬೆಳೆಯದ ರೋಗಾಣುವಿನ ಮೇಲೆ ಔಷಧ ಪರೀಕ್ಷಿಸುವುದು ಹೇಗೆ? ದೇಹದ ತಂಪಾದ ಭಾಗಗಳೇ ಅದಕ್ಕೆ ಪ್ರಿಯ. ಕಿವಿ, ಮೂಗು, ಕೈಕಾಲುಗಳಲ್ಲಿ ಅದು ನೆಲೆಸುವುದು ಅದಕ್ಕಾಗಿಯೇ. 1960ರಲ್ಲಿ ಅಮೆರಿಕದ ಶೆಪರ್ಡ್ ಅದನ್ನು ಪುಟ್ಟ ಇಲಿಯ ಅಂಗಾಲಿಗೆ ಚುಚ್ಚಿ ಬೆಳೆಸಿ ತೋರಿಸಿದರು. ಒಂದು ರೋಗಾಣು ಎರಡಾಗಲು ಎರಡು ವಾರದಷ್ಟು ಕಾಲ ಬೇಕು. ಒಂದೊಂದು ಪರೀಕ್ಷೆಗೂ ತಿಂಗಳುಗಟ್ಟಲೆ ಕಾಯಬೇಕು. 1964ರಲ್ಲಿ ಅದೇ ಅಂಗಾಲಿನಲ್ಲಿ ಒಂದು ಕಹಿ ಸತ್ಯ ಹೊರಬಿತ್ತು: ಏಕೈಕ ಆಸರೆಯಾಗಿದ್ದ ಡ್ಯಾಪ್ಸೋನ್ ಗುಳಿಗೆಗೆ ಕೆಲವು ರೋಗಾಣುಗಳು ಬಗ್ಗುತ್ತಿರಲಿಲ್ಲ. ರಿಫಾಂಪಿಸಿನ್ನಿನ ಶಕ್ತಿಯೂ ಅಲ್ಲಿಯೇ ಗೊತ್ತಾಯಿತು. ಒಂದು ಔಷಧಕ್ಕೆ ಜಗ್ಗದ್ದನ್ನು ಇನ್ನೊಂದು ಕೊಲ್ಲಲೆಂದು, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಜಿಮಿನ್‌ಗಳನ್ನು ಕೂಡಿಸಿ ಕೊಡುವ ಬಹುಔಷಧ ಚಿಕಿತ್ಸೆಯನ್ನು ಗೊತ್ತುಮಾಡಿದರು.

ರೋಗಾಣುಗಳು ಕಡಿಮೆಯಿದ್ದುದರಿಂದ ನಮ್ಮ ಹುಡುಗನಿಗೆ ಎರಡು ಔಷಧಗಳು, ಆರು ತಿಂಗಳು ಸಾಕಾದವು. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗ ಹರಡುವುದು ನಿಲ್ಲುತ್ತದೆಂದು ನನಗೆ ತಿಳಿಯುವ ಹೊತ್ತಿಗೆ ಅವನು ಮೂಲೆಯಲ್ಲಿ ಒಂದು ತಿಂಗಳು ಕಳೆದಿದ್ದ. ಅವನ ಮಚ್ಚೆಯನ್ನು ಗುಳಿಗೆ ಅಳಿಸಿತು. ಆ ಮೂಲೆಯನ್ನು ಅಳಿಸುವ ಗುಳಿಗೆ ಯಾವ ಪ್ರಯೋಗಾಲಯದಲ್ಲಿಯೂ ಇಲ್ಲ.

2005ರ ಕೊನೆಗೆ ನಮ್ಮ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ಆದರೂ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಶಿಷ್ಯರೇ, ನಿಮ್ಮಲ್ಲಿ ಹಲವರು ಈಗ ಶಿಕ್ಷಕರು. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಮಗುವನ್ನು ಆಸ್ಪತ್ರೆಗೆ ಕಳಿಸಿ, ಬೆಂಚು ಬದಲಿಸಬೇಡಿ.

"ಮೂಲೆಯಲ್ಲಿ ಕೂರಿಸಿದ್ದೆನಲ್ಲಪ್ಪಾ" ಎಂದೆ. ಅವನು ನಕ್ಕು ಇನ್ನೊಂದು ಹೋಳಿಗೆ ಬಡಿಸಿದ. ಬೇಡವೆನ್ನಲಾಗಲಿಲ್ಲ.