ಕಣ್ಣಂಚಿನ ತಾಮ್ರ

ಎತ್ತು ಕೊಳ್ಳುವಾಗ ಹಲ್ಲು ನೋಡುವ ರೈತನೂ ಮನುಷ್ಯನನ್ನು ಅಳೆಯುವಾಗ ಕಣ್ಣನ್ನೇ ನೋಡುತ್ತಾನೆ. ಹೆಣ್ಣು ನೋಡಲು ಹೋದ ಹಿರಿಯರು, ಸಾಲ ಕೊಡಲಿರುವ ಸಾಹುಕಾರರು, ಪರೀಕ್ಷೆಯ ಕೊಠಡಿಯಲ್ಲಿ ಅಡ್ಡಾಡುವ ಮೇಷ್ಟ್ರು, ಎಲ್ಲರ ನಂಬಿಕೆಯೂ ಒಂದೇ: ಒಳಗಿರುವುದು ಕಣ್ಣಿನಲ್ಲಿ ಹೊರಬೀಳದೆ ಇರದು. ಈ ನಂಬಿಕೆಗೆ ವೈದ್ಯಶಾಸ್ತ್ರದ ಬೆಂಬಲವೂ ಉಂಟು. ಮಿದುಳು, ಮನಸ್ಸು, ವಂಶ ಈ ಮೂರರ ಗುಟ್ಟನ್ನೂ ಒಂದೇ ಗೆರೆಯಲ್ಲಿ ಬರೆದಿಡುವ ರೋಗವೊಂದಿದೆ. ಅದರ ಹೆಸರು ವಿಲ್ಸನ್ ರೋಗ.

ಬೆಂಗಳೂರಿನ ನೈಋತ್ಯಕ್ಕಿರುವ ಸೀಮೆಯಲ್ಲಿ ಕೈಯ ನಿಲುವೇ ಎಷ್ಟೋ ಮನೆಗಳ ಅನ್ನ. ರಾಮನಗರದಲ್ಲಿ ನೂಲು ಬಿಚ್ಚುವವನು ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಂಡೂ ಕಾಣದಂಥ ಎಳೆಯ ತುದಿಯನ್ನು ಹಿಡಿಯಬೇಕು. ಚನ್ನಪಟ್ಟಣದ ಬೊಂಬೆ ಕೆಲಸಗಾರನು ಗಿರ್ರನೆ ತಿರುಗುವ ಮರಕ್ಕೆ ಉಳಿ ಹಿಡಿದು, ಅರಗಿನ ಬಣ್ಣವನ್ನು ಅಂಚು ಮೀರದಂತೆ ಏರಿಸಬೇಕು. ಅಂಥದೊಂದು ಮನೆಯ ಹದಿನಾಲ್ಕರ ಹುಡುಗನನ್ನು ಊಹಿಸಿಕೊಳ್ಳಿ. ಮುತ್ತಿನಂತಿದ್ದ ಅಕ್ಷರ ಸೊಟ್ಟಗಾಗುತ್ತದೆ. ಲೋಟ ಹಿಡಿದರೆ ಕೈ ನಡುಗುತ್ತದೆ. ಮಾತು ತೊದಲುತ್ತದೆ, ತುಟಿಯಂಚಿನಲ್ಲಿ ಜೊಲ್ಲು ಇಳಿಯುತ್ತದೆ. ಸಾಧುವಾಗಿದ್ದವನು ಸಣ್ಣದಕ್ಕೆಲ್ಲ ರೇಗುತ್ತಾನೆ, ಕಾರಣವಿಲ್ಲದೆ ನಗುತ್ತಾನೆ. ಶಾಲೆಯವರು ಸೋಮಾರಿತನವೆನ್ನುತ್ತಾರೆ, ತಂದೆ ಸಹವಾಸದೋಷವೆನ್ನುತ್ತಾನೆ. ಅಜ್ಜಿ ಮಾತ್ರ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ಮೂವರಲ್ಲಿ ಸತ್ಯಕ್ಕೆ ಹತ್ತಿರವಿದ್ದವಳು ಅಜ್ಜಿಯೇ ಎನ್ನಬೇಕು. ವಿಷಯವಿರುವುದು ಕಣ್ಣಿನಲ್ಲಿಯೇ, ಆದರೆ ನೆರೆಮನೆಯವರ ಕಣ್ಣಿನಲ್ಲಲ್ಲ, ಹುಡುಗನ ಕಣ್ಣಿನಲ್ಲಿ.

ಉಣ್ಣುವ ಅನ್ನದಲ್ಲಿ, ಕುಡಿಯುವ ನೀರಿನಲ್ಲಿ ಎಲ್ಲರಿಗೂ ಒಂದಿಷ್ಟು ತಾಮ್ರ ಸೇರುತ್ತದೆ. ಬೇಕಾದಷ್ಟನ್ನು ದೇಹ ಇಟ್ಟುಕೊಂಡರೆ, ಹೆಚ್ಚಿನದನ್ನು ಯಕೃತ್ತು ಪಿತ್ತರಸದೊಡನೆ ಹೊರಕ್ಕೆ ಸಾಗಿಸುತ್ತದೆ. ಈ ಸಾಗಣೆಯ ಅಪ್ಪಣೆ ಬರೆದಿರುವ ವಂಶವಾಹಿ ಕೆಟ್ಟರೆ ತಾಮ್ರ ಮೊದಲು ಯಕೃತ್ತಿನಲ್ಲಿ, ಬಳಿಕ ಮಿದುಳಿನಲ್ಲಿ ಕೂಡಿಕೊಳ್ಳುತ್ತದೆ. ಕಣ್ಣಿಗೂ ಬರುತ್ತದೆ. ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪೊರೆಯ ಒಳಮೈಯಲ್ಲಿ, ಅಂಚನ್ನು ಹಿಡಿದು, ಮೊದಲು ಮೇಲುಗಡೆ, ಆಮೇಲೆ ಕೆಳಗಡೆ ಹೊಂಗಂದು ಬಣ್ಣದ ಕಮಾನು ಮೂಡುತ್ತದೆ. ಕಾಲಕ್ರಮದಲ್ಲಿ ಎರಡೂ ಕೂಡಿ ಬಳೆಯಾಗುತ್ತದೆ. ದೃಷ್ಟಿಗೆ ಅದರಿಂದ ಕುಂದಿಲ್ಲ, ನೋವಿಲ್ಲ. ಆದ್ದರಿಂದಲೇ ಯಾರೂ ಅದನ್ನು ದೂರಿಕೊಂಡು ವೈದ್ಯರ ಬಳಿಗೆ ಹೋಗುವುದಿಲ್ಲ. ನೀಲಿ ಕಣ್ಣಿನವರಲ್ಲಿ ಬರಿಗಣ್ಣಿಗೆ ತೋರಬಹುದಾದ ಈ ಬಳೆ ನಮ್ಮವರ ಕಂದು ಕಣ್ಣಿನಲ್ಲಿ ಕರಗಿಹೋಗುತ್ತದೆ. ಕಣ್ಣಿನ ವೈದ್ಯರು ಗದ್ದವನ್ನು ಊರಿಸಿ ನೋಡುವ ಸ್ಲಿಟ್ ಲ್ಯಾಂಪಿಗೆ ಮಾತ್ರ ಸಿಕ್ಕುತ್ತದೆ.

ಬಳೆಯನ್ನು ಮೊದಲು ವರ್ಣಿಸಿದವರು ಜರ್ಮನಿಯ ಇಬ್ಬರು ನೇತ್ರವೈದ್ಯರು: 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಷರ್. ಕಿನ್ನಿಯರ್ ವಿಲ್ಸನ್ ಎಂಬ ನರವೈದ್ಯನು 1912ರಲ್ಲಿ ಈ ರೋಗದ ಮೇಲೆ ಹಿರಿದಾದ ಪ್ರಬಂಧವನ್ನು ಬರೆದಾಗ ಅದಕ್ಕೆ ಮದ್ದಿರಲಿಲ್ಲ. ತಾಮ್ರವನ್ನು ಕಟ್ಟಿಕೊಂಡು ಮೂತ್ರದಲ್ಲಿ ಹೊರಬೀಳುವ ಪೆನಿಸಿಲಮೈನ್ ಎಂಬ ಔಷಧವನ್ನು ಜಾನ್ ವಾಲ್ಷ್ 1956ರಲ್ಲಿ ಮುಂದಿಟ್ಟ ಮೇಲೆ ಸಾವಿನ ರೋಗ ಗುಳಿಗೆಯ ರೋಗವಾಯಿತು. ಸತುವಿನ ಲವಣವೂ ಈಗ ಬಳಕೆಯಲ್ಲಿದೆ. ಕೆಟ್ಟ ವಂಶವಾಹಿಯ ಗುರುತು ಸಿಕ್ಕಿದ್ದು 1993ರಲ್ಲಿ.

ಈ ವಿಷಯದಲ್ಲಿ ಕನ್ನಡನಾಡು ಭಾಗ್ಯಶಾಲಿ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಮೂರು ದಶಕಗಳಲ್ಲಿ ತಾವು ಕಂಡ 282 ವಿಲ್ಸನ್ ರೋಗಿಗಳ ವೃತ್ತಾಂತವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದರು. ಇಷ್ಟು ಅಪರೂಪದ ರೋಗದಲ್ಲಿ ಅದು ದೊಡ್ಡ ಸಂಖ್ಯೆ. ಕನಕಪುರದಲ್ಲಿಯೋ ಮಾಗಡಿಯಲ್ಲಿಯೋ ಬೆಳಗಿನ ಬಸ್ಸು ಹತ್ತಿದವರು ಮಧ್ಯಾಹ್ನದೊಳಗೆ ಅಲ್ಲಿರಬಹುದು. ಆದರೂ ದಾರಿಯಲ್ಲಿ ಮಂತ್ರಿಸಿದ ದಾರದವರೂ ಕಾಮಾಲೆಗೆ ಬೇರು ಕೊಡುವವರೂ ವರ್ಷಗಳನ್ನು ನುಂಗಿಬಿಡುತ್ತಾರೆ.

ಇನ್ನು ವಂಶದ ಮಾತು. ಹಳೆಯ ಮೈಸೂರಿನಲ್ಲಿ ಅಕ್ಕನ ಮಗಳು ಸೋದರಮಾವನ ಹಕ್ಕು. ಅತ್ತೆಯ ಮಗ, ಮಾವನ ಮಗಳು ಆಮೇಲಿನ ಮಾತು. ಸೋದರಿಕೆ ತಪ್ಪಿದರೆ ಮುನಿಸು, ನಡೆದರೆ ಹೊಲ ಹೊರಗೆ ಹೋಗದೆಂಬ ನೆಮ್ಮದಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಲೆಕ್ಕವಿಟ್ಟು ನೋಡಿದಾಗ, ಮೂವರಲ್ಲಿ ಒಬ್ಬರ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಸೋದರಮಾವನಿಗೂ ಅಕ್ಕನ ಮಗಳಿಗೂ ವಂಶವಾಹಿಗಳಲ್ಲಿ ಸರಾಸರಿ ಕಾಲು ಪಾಲು ಸಮಾನ. ಕೆಟ್ಟ ಪ್ರತಿ ಒಂದೇ ಇದ್ದವನು ಆರೋಗ್ಯವಂತನೇ; ತನ್ನಲ್ಲಿ ಅದಿದೆಯೆಂದು ಅವನಿಗೆ ತಿಳಿಯುವುದೂ ಇಲ್ಲ. ಇಬ್ಬರಲ್ಲಿಯೂ ಅದೇ ಇದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಿಕೆಯ ಮನೆಗಳೆಲ್ಲ ರೋಗದ ಮನೆಗಳಲ್ಲ. ಪರಸ್ಥಳದ ಹೆಣ್ಣು ತಂದವರಿಗೂ ಇದು ಬರುತ್ತದೆ. ಆದರೆ ಒಂದೇ ಪೆಟ್ಟಿಗೆಯ ನಾಣ್ಯಗಳನ್ನು ಮತ್ತೆ ಮತ್ತೆ ಅದೇ ಪೆಟ್ಟಿಗೆಗೆ ಹಾಕಿದರೆ ಸವಕಲು ನಾಣ್ಯಗಳು ಜೋಡಿಯಾಗುವುದು ಹೆಚ್ಚುತ್ತದೆ.

ನಿಜವಾದ ಕಷ್ಟ ಆರಂಭವಾಗುವುದು ಹುಡುಗನಿಗೆ ರೋಗವೆಂದು ಗೊತ್ತಾದ ಮೇಲೆ. ಅವನ ತಂಗಿಯನ್ನೂ ತಮ್ಮನನ್ನೂ ಕರೆತನ್ನಿರೆಂದು ವೈದ್ಯರು ಹೇಳುತ್ತಾರೆ. ತಾಯಿಯ ಮುಖ ಸಣ್ಣಗಾಗುತ್ತದೆ. ಓದುತ್ತಿರುವ, ಆಡುತ್ತಿರುವ, ಏನೂ ಆಗದ ಹುಡುಗಿಯ ರಕ್ತವನ್ನೇಕೆ ತೆಗೆಸಬೇಕು? ಊರಿಗೆ ತಿಳಿದರೆ ನಾಳೆ ಅವಳನ್ನು ಯಾರು ಕೇಳುತ್ತಾರೆ? ಈ ಅಂಜಿಕೆಯನ್ನು ಹಗುರಾಗಿ ನೋಡುವುದು ಸಲ್ಲದು. ಅದು ಆ ತಾಯಿಯ ಬಾಳೆಲ್ಲ ಕಲಿಸಿದ ಪಾಠ. ಆದರೆ ಏನೂ ಆಗದಿರುವಾಗಲೇ ಗುಳಿಗೆ ತೊಡಗಿದ ಮಕ್ಕಳು ಕೈ ನಡುಗದೆ ದೊಡ್ಡವರಾಗುತ್ತಾರೆ. ಇವರ ಕಣ್ಣಿನಲ್ಲಿ ಬಳೆ ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ರೋಗ ಯಕೃತ್ತಿನಲ್ಲಿಯೇ ಇರುವಾಗ ಅದು ಎಷ್ಟೋ ವೇಳೆ ಮೂಡಿರುವುದಿಲ್ಲ. ರಕ್ತ, ಮೂತ್ರಗಳ ಪರೀಕ್ಷೆಯೂ ಬೇಕು.

ತಾಮ್ರದ ಚೊಂಬಿನ ನೀರನ್ನು ಬಿಡಿಸುವುದು ಸುಲಭ. ರೋಗಕ್ಕೆ ಕಾರಣ ಆ ಚೊಂಬಲ್ಲ, ಆದರೂ ಬಿಡಬೇಕು. ಗುಳಿಗೆಯನ್ನು ಬಿಡದಂತೆ ನೋಡಿಕೊಳ್ಳುವುದೇ ಕಠಿಣ. ಚಿಕಿತ್ಸೆ ಸರಿಯಾಗಿ ನಡೆದರೆ ಕೆಲವು ವರ್ಷಗಳಲ್ಲಿ ಕಣ್ಣಿನ ಬಳೆ ಮಾಸುತ್ತದೆ, ಒಮ್ಮೊಮ್ಮೆ ಅಳಿಸಿಯೇ ಹೋಗುತ್ತದೆ. ಅಕ್ಷರ ಮರಳಿ ದುಂಡಗಾದ ಹುಡುಗನೂ ಹರಕೆ ಸಂದಿತೆಂದುಕೊಂಡ ಮನೆಯವರೂ ಗುಳಿಗೆಯನ್ನು ನಿಲ್ಲಿಸಿಬಿಡುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿಯೇ. ತಾಮ್ರ ಮತ್ತೆ ಕೂಡತೊಡಗುವುದೂ ಆ ದಿನದಿಂದಲೇ.